ಪ್ಲ್ಯಾನ್ ಫ್ರೀ ಅಂದ್ರೆ ಯಾರ ಕಡೆಯ ಪ್ಲ್ಯಾನ್?

ಇವತ್ತಿನ ಸಂಚಿಕೆ ದಾವಣಗೆರೆಯ ಕೇಳುಗರೊಬ್ಬರು ಕಳಿಸಿದ ವಾಯ್ಸ್ ಮೆಸೇಜ್‌ನಿಂದ ಶುರು. ಅಪ್ಪ ರಿಟೈರ್ ಆದಾಗ ಬಂದ ದುಡ್ಡಲ್ಲಿ 30/40 ಸೈಟ್‌ನಲ್ಲಿ ಮನೆ ಕಟ್ಟಿಸ್ತಿದ್ದಾರೆ. ಕಂಟ್ರಾಕ್ಟರ್ 'ಪ್ಲ್ಯಾನ್ ಫ್ರೀ' ಅಂತಿದ್ದಾರೆ. ಹಾಗಿದ್ರೆ ಆರ್ಕಿಟೆಕ್ಟ್‌ಗೋ ಇಂಜಿನಿಯರ್‌ಗೋ ಬೇರೆ ದುಡ್ಡು ಯಾಕೆ ಕೊಡಬೇಕು ಅನ್ನೋದು ಅವರ ಪ್ರಶ್ನೆ.

ನಾನು ಬಿ.ಕಾಂ ಓದಿದವನು. ಈ ಪ್ರಶ್ನೆಗೆ ನಮ್ಮ ಆಡಿಟಿಂಗ್ ಪಾಠದಲ್ಲೇ ಒಂದು ಉತ್ತರ ಇದೆ: ಲೆಕ್ಕ ಬರೆಯೋರು ಒಬ್ಬರು, ಪರಿಶೀಲಿಸೋರು ಇನ್ನೊಬ್ಬರು ಇರಬೇಕು. ಕಂಟ್ರಾಕ್ಟರೇ ಪ್ಲ್ಯಾನ್ ಹಾಕಿ, ಅವರೇ ಕಟ್ಟಿ, ಅವರೇ ಬಿಲ್ ಮಾಡಿದ್ರೆ, ಎಷ್ಟು ಕಬ್ಬಿಣ ಬೇಕಿತ್ತು, ಎಷ್ಟು ಹಾಕಿದ್ರು ಅಂತ ನಿಮ್ಮ ಪರವಾಗಿ ನೋಡೋರು ಯಾರೂ ಇರಲ್ಲ. ಕಂಟ್ರಾಕ್ಟರ್ ಎಷ್ಟೇ ಒಳ್ಳೆಯವರಾದ್ರೂ ಈ ಮಾತು ನಿಜ. ಇನ್ನು ಫ್ರೀ ಪ್ಲ್ಯಾನ್‌ನ ಖರ್ಚು ಚದರಡಿ ರೇಟ್‌ನಲ್ಲೇ ಸೇರಿಕೊಂಡಿರುತ್ತೆ.

ಈಗ ಯಾರು ಏನು ಮಾಡ್ತಾರೆ ನೋಡೋಣ.

ಆರ್ಕಿಟೆಕ್ಟ್ ಅಂದ್ರೆ ಐದು ವರ್ಷದ ಬಿ.ಆರ್ಕ್ ಓದಿ, 1972ರ ವಾಸ್ತುಶಿಲ್ಪಿಗಳ ಕಾಯ್ದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡವರು. ಅವರ ನೋಂದಣಿ ಸಂಖ್ಯೆ 'ಸಿಎ' ಅಂತ ಶುರುವಾಗುತ್ತೆ. ಚಾರ್ಟರ್ಡ್ ಅಕೌಂಟೆಂಟ್ ಅಂದ್ಕೋಬೇಡಿ! ಆ ಸಂಖ್ಯೆ ಕೇಳಿ, ಕೌನ್ಸಿಲ್ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ, ಎರಡು ನಿಮಿಷದ ಕೆಲಸ. ಇಲ್ಲೊಂದು ಸೂಕ್ಷ್ಮ ಇದೆ. ನೋಂದಣಿ ಇಲ್ಲದವರು 'ಆರ್ಕಿಟೆಕ್ಟ್' ಅನ್ನೋ ಹೆಸರು ಬಳಸುವಂತಿಲ್ಲ. ಆದ್ರೆ ಮನೆ ವಿನ್ಯಾಸ ಮಾಡೋ ಕೆಲಸವನ್ನ ಈ ಕಾಯ್ದೆ ಬೇರೆಯವರಿಗೆ ನಿಷೇಧಿಸಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಬೋರ್ಡ್ ಮೇಲೆ 'ಡಿಸೈನರ್', 'ಪ್ಲ್ಯಾನರ್' ಅಂತಿದ್ರೆ ಅದು ಮೋಸ ಅಲ್ಲ, ಆದ್ರೆ ಏನು ಓದಿದ್ದೀರಿ ಅಂತ ಕೇಳೋ ಹಕ್ಕು ನಿಮಗಿದೆ.

ಸ್ಟ್ರಕ್ಚರಲ್ ಇಂಜಿನಿಯರ್ ಕೆಲಸ ಪಾಯ, ಪಿಲ್ಲರ್, ಬೀಮ್, ಸ್ಲ್ಯಾಬ್‌ಗೆ ಎಷ್ಟು ಕಬ್ಬಿಣ ಬೇಕು ಅಂತ ಲೆಕ್ಕ ಹಾಕೋದು. ಧಾರವಾಡ, ಗದಗ, ವಿಜಯಪುರದ ಕಡೆ ಎರೆಮಣ್ಣು ಇದ್ರೆ ಇವರನ್ನ ಬಿಟ್ಟು ಮುಂದೆ ಹೋಗಲೇಬೇಡಿ. ಆ ಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ, ಅದರ ಜೊತೆ ಗೋಡೆಯೂ ಬಿರಿಯುತ್ತೆ. 'ಪಕ್ಕದ ಮನೆಗೆ ಹಾಕಿದ ಪಾಯಾನೇ ಹಾಕೋಣ' ಅನ್ನೋ ಮಾತು ಒಪ್ಪಬೇಡಿ. ಮಣ್ಣು ಪರೀಕ್ಷೆ ಮಾಡಿಸಿ.

ಇಂಟೀರಿಯರ್ ಡಿಸೈನರ್ ಬರೋದು ಅಡುಗೆಮನೆ, ವಾರ್ಡ್‌ರೋಬ್, ಲೈಟಿಂಗ್‌ಗೆ. ಆದ್ರೆ ಗೋಡೆಯೊಳಗೆ ವೈರಿಂಗ್ ಪೈಪ್ ಹೋಗೋ ಮುಂಚೆಯೇ ಅವರ ಜೊತೆ ಮಾತಾಡಿ. ಇಲ್ಲಾಂದ್ರೆ ಹೊಸ ಗೋಡೆಯನ್ನೇ ಒಡೆಯಬೇಕಾಗುತ್ತೆ.

ಹಾಗಾದ್ರೆ ಎಲ್ಲರಿಗೂ ಆರ್ಕಿಟೆಕ್ಟ್ ಬೇಕಾ? ಇಲ್ಲ. ಚೌಕಾದ, ಸಮತಟ್ಟು ಸೈಟು, ಒಂದೇ ಅಂತಸ್ತು, ಮನೆಯವರಿಗೆ ಏನು ಬೇಕು ಅಂತ ಸ್ಪಷ್ಟವಾಗಿ ಗೊತ್ತಿದೆ ಅಂದ್ರೆ, ಸ್ಟ್ರಕ್ಚರಲ್ ಡ್ರಾಯಿಂಗ್ ಸಮೇತ ಕೊಡೋ ಒಳ್ಳೆ ಸಿವಿಲ್ ಇಂಜಿನಿಯರ್ ಸಾಕು. ಮಲೆನಾಡಿನ ಇಳಿಜಾರು ಸೈಟು, ಮೂಲೆ ಕತ್ತರಿಸಿದ ಸೈಟು, ಎರಡೂ ಕಡೆ ಮನೆ ಇರೋ ಇಕ್ಕಟ್ಟಿನ ಸೈಟು, ಮೇಲೆ ಬಾಡಿಗೆ ಮನೆ ಬೇಕು ಅನ್ನೋ ಆಸೆ ಇದ್ರೆ ಆರ್ಕಿಟೆಕ್ಟ್ ಫೀ ದಂಡ ಅಲ್ಲ.

ಒಂದು ಲೆಕ್ಕ ಹೇಳ್ತೀನಿ. 30/40 ಅಂದ್ರೆ 1,200 ಚದರಡಿ. ಸುತ್ತ ಮೂರಡಿ ಬಿಟ್ಟರೆ ಉಳಿಯೋದು 24/34, ಅಂದ್ರೆ 816 ಚದರಡಿ. ಮೆಟ್ಟಿಲು, ಗಾಡಿ ಜಾಗ, ದೇವರಮನೆ ಎಲ್ಲಾ ಅದರಲ್ಲೇ ಆಗಬೇಕು. ಪ್ಲ್ಯಾನ್ ಸರಿ ಇಲ್ದೆ 100 ಚದರಡಿ ಓಡಾಡೋ ಜಾಗಕ್ಕೇ ಹೋಯ್ತು ಅನ್ಕೊಳ್ಳಿ. ಚದರಡಿಗೆ 2,000 ರೂಪಾಯಿ ಅಂತ ಹಿಡಿದ್ರೂ 2 ಲಕ್ಷ ಅಲ್ಲೇ ಹೋಯ್ತು.

ಫೀ ವಿಚಾರ. ಕೆಲವರು ಚದರಡಿಗೆ ಇಷ್ಟು ಅಂತಾರೆ, ಕೆಲವರು ಒಟ್ಟು ಮೊತ್ತ, ಇನ್ನು ಕೆಲವರು ಕಟ್ಟೋ ಖರ್ಚಿನ ಶೇಕಡಾವಾರು. ಮೂರನೆಯದಕ್ಕೆ ಹುಷಾರು: ಖರ್ಚು ಏರಿದಂಗೆ ಫೀ ಕೂಡ ಏರುತ್ತೆ. ಮೊದಲ ಅಂದಾಜಿನ ಮೇಲೆ ಫೀ ನಿಗದಿ ಮಾಡಿ, ಬರವಣಿಗೆಯಲ್ಲಿ ತಗೊಳ್ಳಿ. ಶೇ 18 ಜಿಎಸ್‌ಟಿ ಸೇರಿದೆಯಾ ಇಲ್ವಾ ಮೊದಲೇ ಕೇಳಿ.

ಪೂರ್ತಿ ದುಡ್ಡು ಪ್ಲ್ಯಾನ್ ಕೈಗೆ ಬಂದಾಗಲೇ ಕೊಡಬೇಡಿ. ಒಂದು ಭಾಗ ಸೈಟ್ ಭೇಟಿಗೆ ಇಟ್ಕೊಳ್ಳಿ. ಪಾಯ, ಪಿಲ್ಲರ್, ಸ್ಲ್ಯಾಬ್, ಈ ಮೂರೂ ಹಂತದಲ್ಲಿ ಕಾಂಕ್ರೀಟ್ ಹಾಕೋ ಮುಂಚೆ ಅವರು ಬಂದು ಕಬ್ಬಿಣ ನೋಡಲೇಬೇಕು ಅಂತ ಒಪ್ಪಂದದಲ್ಲಿ ಬರೆಸಿ. ಕಾಂಕ್ರೀಟ್ ಬಿದ್ದ ಮೇಲೆ ಕಬ್ಬಿಣ ಯಾರ ಕಣ್ಣಿಗೂ ಕಾಣಲ್ಲ.

ಇನ್ನೊಂದು ಪ್ರಶ್ನೆ ಮರೀಬೇಡಿ: 'ಮಂಜೂರಾತಿಗೆ ಕೊಡೋ ಪ್ಲ್ಯಾನು, ಕಟ್ಟೋ ಪ್ಲ್ಯಾನು ಎರಡೂ ಒಂದೇನಾ?' ಕಟ್ಟಡ ಪೂರ್ಣಗೊಂಡ ಅಥವಾ ವಾಸಯೋಗ್ಯ ಪ್ರಮಾಣಪತ್ರ ತೋರಿಸಿದ ಮೇಲೇ ಕರೆಂಟು, ನೀರಿನ ಸಂಪರ್ಕ ಕೊಡಬೇಕು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿದೆ. ನಿಮ್ಮ ಅಳತೆಯ ಸೈಟ್‌ಗೆ ವಿನಾಯಿತಿ ಏನಾದ್ರೂ ಇದೆಯಾ ಅಂತ ಸ್ಥಳೀಯ ಸಂಸ್ಥೆಯಲ್ಲಿ ವಿಚಾರಿಸಿ. 'ಅದೆಲ್ಲಾ ಆಮೇಲೆ ಅಡ್ಜಸ್ಟ್ ಮಾಡೋಣ' ಅನ್ನೋರ ಹತ್ರ ಕೆಲಸ ಕೊಡಬೇಡಿ. ಗೃಹಪ್ರವೇಶ ಆದ್ಮೇಲೆ ಕತ್ತಲಲ್ಲಿ ಕೂರೋರು ನೀವು, ಅವರಲ್ಲ.

ಕೊನೆಗೆ, ಇನ್‌ಸ್ಟಾಗ್ರಾಮ್ ರೀಲ್ಸ್ ನೋಡಿ ಯಾರನ್ನೂ ಆರಿಸಬೇಡಿ. ಅವರು ಮೂರು ಮಳೆಗಾಲದ ಹಿಂದೆ ಮಾಡಿದ ಮನೆಗೆ ಹೋಗಿ, ಅವರಿಲ್ಲದಾಗ ಮನೆಯವರನ್ನ ಮಾತಾಡಿಸಿ. ಬಚ್ಚಲು ಸೋರುತ್ತಾ, ಮಧ್ಯಾಹ್ನ ಲೈಟ್ ಹಾಕಬೇಕಾ, ಫೋನ್ ಮಾಡಿದ್ರೆ ಎತ್ತುತ್ತಿದ್ರಾ ಅಂತ ಕೇಳಿ. ಹತ್ತು ನಿಮಿಷ ಕೂತ್ರೆ ಸಾಕು, ಬೇಕಾದ ಉತ್ತರ ಸಿಗುತ್ತೆ.

ಮುಂದಿನ ಸಂಚಿಕೆಯಲ್ಲಿ ಗೃಹಸಾಲದ ಕಂತಿನ ಲೆಕ್ಕ ನೋಡೋಣ. ನಿಮ್ಮ ಪ್ರಶ್ನೆಗಳನ್ನ ಕಳಿಸ್ತಾ ಇರಿ. ಸಿಗೋಣ.