ಮಜ್ಜಿಗೆಯ ಬ್ಯಾಕ್ಟೀರಿಯಾ ಚಿನ್ನದ ಕಣ ಮಾಡಬಲ್ಲದು. ಅದು ಕ್ಯಾನ್ಸರ್‌ಗೆ ಔಷಧಿಯಾಗಲು ಅಡ್ಡಿಯೇನು?

ನಾವು ದಿನಾ ಕುಡಿಯುವ ಮಜ್ಜಿಗೆಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಮದ್ರಾಸ್ ಐಐಟಿಯ ಟಿ. ಪ್ರದೀಪ್ ಮತ್ತು ಬಿನೋಜ್ ನಾಯರ್ ಈ ಬ್ಯಾಕ್ಟೀರಿಯಾವನ್ನು ಚಿನ್ನ ಹಾಗೂ ಬೆಳ್ಳಿಯ ಅಯಾನುಗಳಿರುವ ದ್ರಾವಣಕ್ಕೆ ಹಾಕಿ ನೋಡಿದರು. ಬ್ಯಾಕ್ಟೀರಿಯಾದೊಳಗೆ ಅತಿ ಸಣ್ಣ ಲೋಹದ ಕಣಗಳು ಹುಟ್ಟಿ, ಒಂದಕ್ಕೊಂದು ಕೂಡಿಕೊಂಡು ಹರಳುಗಳಾಗಿ ಬೆಳೆದಿದ್ದವು. ಈ ಫಲಿತಾಂಶ 2002ರಲ್ಲಿ ಪ್ರಕಟವಾಯಿತು.

ಆ ಬಳಿಕ ದೇಶದ ಹಲವು ವಿಶ್ವವಿದ್ಯಾಲಯಗಳಲ್ಲಿ ಇಂಥ ಸಂಶೋಧನೆ ನಡೆದಿದೆ. 'ಬ್ಯಾಕ್ಟೀರಿಯಾದಿಂದ ಕ್ಯಾನ್ಸರ್‌ಗೆ ಮದ್ದು' ಎಂಬ ಸುದ್ದಿ ಆಗಾಗ ಬರುತ್ತದೆ. ಮನೆಯಲ್ಲಿ ಕ್ಯಾನ್ಸರ್ ರೋಗಿ ಇರುವವರಿಗೆ ಆಗ ಮೂಡುವ ಪ್ರಶ್ನೆ ಒಂದೇ: ಇದು ನಮಗೆ ಯಾವಾಗ ಸಿಗುತ್ತದೆ? ಈ ತಂತ್ರಜ್ಞಾನ ಏನು, ಈಗ ಎಲ್ಲಿಗೆ ಬಂದಿದೆ, ಮುಂದೆ ಏನು ಬಾಕಿ ಇದೆ? ಇಲ್ಲಿದೆ ವಿವರ.

ನ್ಯಾನೋ ಕಣ ಎಂದರೇನು?

ನಮ್ಮ ರೇಷ್ಮೆ ಸೀರೆಗಳ ಜರಿಗೆ ಹೆಸರಾದ ಊರು ಗುಜರಾತಿನ ಸೂರತ್. ಅಲ್ಲಿ ಬೆಳ್ಳಿಯನ್ನು ಕೂದಲಿನಷ್ಟು ತೆಳ್ಳಗೆ ಎಳೆದರೂ ಅದು ಬೆಳ್ಳಿಯಂತೆಯೇ ಹೊಳೆಯುತ್ತದೆ. ಆದರೆ ಕಣದ ಗಾತ್ರ 100 ನ್ಯಾನೋಮೀಟರ್‌ಗಿಂತ ಕೆಳಗಿಳಿದರೆ ಲೋಹದ ಗುಣವೇ ಬದಲಾಗುತ್ತದೆ. ಒಂದು ಕೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೋಮೀಟರ್. ಅಷ್ಟು ಸಣ್ಣ ಚಿನ್ನದ ಕಣಗಳಿರುವ ನೀರು ಮಾಣಿಕ್ಯದಂತೆ ಕೆಂಪಾಗಿ ಕಾಣುತ್ತದೆ, ಬೆಳ್ಳಿಯದು ಹಳದಿ ಅಥವಾ ಕಂದು.

ಕ್ಯಾನ್ಸರ್ ತಜ್ಞರಿಗೆ ಈ ಕಣಗಳಲ್ಲಿ ಆಸಕ್ತಿ ಹುಟ್ಟಲು ಕಾರಣಗಳಿವೆ. ಬೆಳ್ಳಿಯ ಕಣಗಳು ಜೀವಕೋಶದೊಳಗೆ ಅಯಾನುಗಳನ್ನು ಬಿಟ್ಟು ಡಿಎನ್ಎಗೆ ಹಾನಿ ಮಾಡುತ್ತವೆ. ಚಿನ್ನದ ಕೆಲವು ಕಣಗಳು ಲೇಸರ್ ಬೆಳಕು ಹೀರಿ ಬಿಸಿಯಾಗುತ್ತವೆ, ಆ ಬಿಸಿಗೆ ಸುತ್ತಲಿನ ಗಡ್ಡೆ ಸುಡುತ್ತದೆ. ಕಬ್ಬಿಣದ ಆಕ್ಸೈಡ್ ಕಣಗಳು ದಿಕ್ಕು ಬದಲಿಸುವ ಕಾಂತಕ್ಷೇತ್ರದಲ್ಲಿ ಬಿಸಿಯಾಗುತ್ತವೆ. ಕಣದ ಮೇಲ್ಮೈಗೆ ಕೀಮೋಥೆರಪಿ ಔಷಧಿಯನ್ನೇ ಅಂಟಿಸಿ ಕಳಿಸುವ ಪ್ರಯತ್ನವೂ ಇದೆ.

ಬ್ಯಾಕ್ಟೀರಿಯಾ ಇದನ್ನು ಮಾಡುವುದೇಕೆ?

ಬ್ಯಾಕ್ಟೀರಿಯಾಗಳಿಗೆ ಇದು ಬದುಕುವ ದಾರಿ. ನೀರಿನಲ್ಲಿ ಕರಗಿದ ಬೆಳ್ಳಿಯ ಅಯಾನು ಅವುಗಳಿಗೆ ವಿಷ. ಕೆಲವು ಬ್ಯಾಕ್ಟೀರಿಯಾಗಳು ತಮ್ಮ ಕಿಣ್ವಗಳ ನೆರವಿನಿಂದ ಆ ಅಯಾನಿಗೆ ಎಲೆಕ್ಟ್ರಾನ್ ಕೊಟ್ಟು ಅದನ್ನು ಕರಗದ ಲೋಹವಾಗಿಸುತ್ತವೆ. ವಿಷದ ತೀವ್ರತೆ ಇಳಿಯುತ್ತದೆ, ಲೋಹದ ಕಣ ಉಳಿಯುತ್ತದೆ. ಬೆಳ್ಳಿ ಗಣಿಯಲ್ಲಿ ಸಿಕ್ಕಿದ್ದ ಸ್ಯೂಡೋಮೊನಾಸ್ ಸ್ಟುಟ್ಜೆರಿ ಎಂಬ ಬ್ಯಾಕ್ಟೀರಿಯಾ ತನ್ನ ಕೋಶದೊಳಗೆ 200 ನ್ಯಾನೋಮೀಟರ್‌ವರೆಗಿನ ಬೆಳ್ಳಿ ಹರಳುಗಳನ್ನು ಕೂಡಿಡುತ್ತದೆ ಎಂದು ಸ್ವೀಡನ್‌ನ ವಿಜ್ಞಾನಿಗಳು 1999ರಲ್ಲಿ ವರದಿ ಮಾಡಿದ್ದರು.

ರಾಸಾಯನಿಕ ವಿಧಾನದಲ್ಲಿ ಇದೇ ಕಣ ತಯಾರಿಸಲು ಸೋಡಿಯಂ ಬೋರೋಹೈಡ್ರೈಡ್‌ನಂಥ ಅಪಾಯಕಾರಿ ವಸ್ತುಗಳನ್ನು ಬಳಸುವುದುಂಟು. ಸೂಕ್ಷ್ಮಜೀವಿಗಳಾದರೆ ಸಾಧಾರಣ ಉಷ್ಣತೆಯಲ್ಲಿ, ನೀರಿನಲ್ಲೇ ಕೆಲಸ ಮುಗಿಸುತ್ತವೆ. ಅವುಗಳ ಪ್ರೋಟೀನ್ ಕಣದ ಸುತ್ತ ಹೊದಿಕೆಯಂತೆ ಕೂತು, ಕಣಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುತ್ತದೆ.

ಕಲಬುರಗಿಯಲ್ಲೂ ನಡೆದಿತ್ತು ಪ್ರಯೋಗ

ಈ ಕೆಲಸದಲ್ಲಿ ಕರ್ನಾಟಕದ ಪಾಲೂ ಇದೆ. ಗುಲ್ಬರ್ಗಾ ವಿಶ್ವವಿದ್ಯಾಲಯದ ಎ. ವೆಂಕಟರಾಮನ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾ ಬದಲು ಫ್ಯುಸೇರಿಯಂ ಸೆಮಿಟೆಕ್ಟಮ್ ಎಂಬ ಶಿಲೀಂಧ್ರವನ್ನು ಆರಿಸಿಕೊಂಡರು. ಶಿಲೀಂಧ್ರ ಬೆಳೆದ ದ್ರವವನ್ನು ಸೋಸಿ ಸಿಲ್ವರ್ ನೈಟ್ರೇಟ್ ಜತೆ ಬೆರೆಸಿದಾಗ 10ರಿಂದ 60 ನ್ಯಾನೋಮೀಟರ್ ಗಾತ್ರದ ಬೆಳ್ಳಿ ಕಣಗಳು ಸಿಕ್ಕವು. ಈ ಸಂಶೋಧನೆ 2008ರಲ್ಲಿ ಪ್ರಕಟವಾಯಿತು. ಕಣಗಳು ಜೀವಕೋಶದ ಹೊರಗೇ ಉತ್ಪತ್ತಿಯಾಗುವುದು ಇಲ್ಲಿನ ಅನುಕೂಲ. ಅವನ್ನು ಪಡೆಯಲು ಕೋಶವನ್ನು ಒಡೆಯಬೇಕಿಲ್ಲ.

ಬ್ಯಾಕ್ಟೀರಿಯಾದಿಂದ ತಯಾರಿಸಿದ ಕಣವನ್ನು ಕ್ಯಾನ್ಸರ್ ಮೇಲೆ ಪರೀಕ್ಷಿಸಿದ್ದು ತಮಿಳುನಾಡಿನ ಕಲಸಲಿಂಗಂ ವಿಶ್ವವಿದ್ಯಾಲಯದ ತಂಡ. ಬ್ಯಾಸಿಲಸ್ ಲೈಕೆನಿಫಾರ್ಮಿಸ್‌ನಿಂದ ಪಡೆದ ಬೆಳ್ಳಿ ಕಣಗಳನ್ನು ಅವರು ಲಿಂಫೋಮಾ ಗಡ್ಡೆಯಿದ್ದ ಇಲಿಗಳಿಗೆ ಕೊಟ್ಟರು. ಚಿಕಿತ್ಸೆ ಸಿಗದ ಇಲಿಗಳಿಗಿಂತ ಇವು ಸುಮಾರು ಶೇ. 32ರಷ್ಟು ಹೆಚ್ಚು ಕಾಲ ಬದುಕಿದವು ಎಂದು 2010ರ ಅವರ ವರದಿ ಹೇಳುತ್ತದೆ. ಇದು ಆಶಾದಾಯಕ ಫಲಿತಾಂಶ, ಆದರೆ ಪ್ರಯೋಗ ನಡೆದದ್ದು ಇಲಿಗಳ ಮೇಲೆ.

ಹಾಗಾದರೆ ಅಡ್ಡಿ ಎಲ್ಲಿದೆ?

* ಕಣಗಳು ಗಡ್ಡೆಯನ್ನು ತಲುಪುವುದೇ ಕಷ್ಟ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ತಂಡ 10 ವರ್ಷಗಳ 117 ಅಧ್ಯಯನಗಳನ್ನು ಪರಿಶೀಲಿಸಿ 2016ರಲ್ಲಿ ಕಂಡುಕೊಂಡಂತೆ, ಚುಚ್ಚಿದ ಪ್ರಮಾಣದಲ್ಲಿ ಗಡ್ಡೆಗೆ ಸೇರುವುದು ಮಧ್ಯಾಂಕದ ಲೆಕ್ಕದಲ್ಲಿ ಶೇ. 0.7 ಮಾತ್ರ. ಅಂದರೆ ಸಾವಿರ ಕಣ ಕೊಟ್ಟರೆ ಗಡ್ಡೆಗೆ ದಕ್ಕುವುದು ಏಳು.

* ಉಳಿದ ಕಣಗಳ ಗತಿಯೇನು? 5.5 ನ್ಯಾನೋಮೀಟರ್‌ಗಿಂತ ಸಣ್ಣವು ಮೂತ್ರದ ಮೂಲಕ ಹೊರಹೋಗಬಹುದು. ದೊಡ್ಡವು ಹೆಚ್ಚಾಗಿ ಯಕೃತ್ತು, ಗುಲ್ಮಗಳಲ್ಲಿ ಉಳಿದುಬಿಡುತ್ತವೆ. ಕ್ಯಾನ್ಸರ್ ಕೋಶವನ್ನು ಕೊಲ್ಲುವ ಬೆಳ್ಳಿ ಆರೋಗ್ಯವಂತ ಕೋಶಕ್ಕೂ ಹಾನಿ ಮಾಡಬಲ್ಲದು.

* ಪ್ರತಿ ಬಾರಿಯೂ ಒಂದೇ ಗಾತ್ರದ ಕಣ ಬರಬೇಕು. ಬ್ಯಾಕ್ಟೀರಿಯಾ ಜೀವಂತ ವಸ್ತು. ಆಹಾರ, ಉಷ್ಣತೆ, ಆಮ್ಲೀಯತೆ ತುಸು ಬದಲಾದರೂ ಕಣದ ಗಾತ್ರ ಬದಲಾಗುತ್ತದೆ. 10 ನ್ಯಾನೋಮೀಟರ್ ಕಣ ದೇಹದಲ್ಲಿ ವರ್ತಿಸುವ ರೀತಿಯೇ ಬೇರೆ, 60ರದ್ದೇ ಬೇರೆ.

* ಶುದ್ಧತೆಯ ಪ್ರಶ್ನೆಯೂ ಇದೆ. ಸ್ಯೂಡೋಮೊನಾಸ್‌ನಂಥ ಬ್ಯಾಕ್ಟೀರಿಯಾಗಳ ಹೊರಪದರದಲ್ಲಿ ಎಂಡೋಟಾಕ್ಸಿನ್ ಎಂಬ ವಿಷವಸ್ತು ಇರುತ್ತದೆ. ಅದರ ಅಂಶ ರಕ್ತಕ್ಕೆ ಸೇರಿದರೆ ಜ್ವರ ಬರಬಹುದು, ಹೆಚ್ಚಾದರೆ ಪ್ರಾಣಾಪಾಯವೂ ಉಂಟು. ಕಣವನ್ನು ಗಟ್ಟಿಯಾಗಿ ಕಾಪಾಡುವ ಪ್ರೋಟೀನ್ ಹೊದಿಕೆಯೇ ಇಲ್ಲಿ ಶುದ್ಧೀಕರಣಕ್ಕೆ ತೊಡಕಾಗುತ್ತದೆ.

ರೋಗಿಗಳವರೆಗೆ ಬಂದಿರುವುದೇನು?

ನ್ಯಾನೋ ಔಷಧಿ ಎಂಬುದೇ ಕನಸೇನಲ್ಲ. ಕಬ್ಬಿಣದ ಆಕ್ಸೈಡ್ ಕಣಗಳಿಂದ ಮೆದುಳಿನ ಗಡ್ಡೆಯನ್ನು ಬಿಸಿ ಮಾಡುವ ಚಿಕಿತ್ಸೆಗೆ ಯುರೋಪಿನಲ್ಲಿ 2010ರಲ್ಲೇ ಅನುಮತಿ ಸಿಕ್ಕಿತು. ಚಿನ್ನದ ಲೇಪವಿರುವ ಸಿಲಿಕಾ ಕಣಗಳನ್ನು ಅಮೆರಿಕದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ನ 16 ರೋಗಿಗಳ ಮೇಲೆ ಪರೀಕ್ಷಿಸಲಾಗಿದ್ದು, 15 ಮಂದಿಯಲ್ಲಿ ಚಿಕಿತ್ಸೆಯನ್ನು ಯಶಸ್ವಿಯಾಗಿ ಪೂರ್ಣಗೊಳಿಸಲಾಯಿತು ಎಂದು 2019ರ ವರದಿ ತಿಳಿಸುತ್ತದೆ. ಗುಜರಾತಿನ ವಡೋದರಾದಲ್ಲಿ ಸಂಶೋಧನಾ ಕೇಂದ್ರ ಹೊಂದಿರುವ ಸನ್ ಫಾರ್ಮಾ ಅಡ್ವಾನ್ಸ್ಡ್ ರಿಸರ್ಚ್ ಕಂಪನಿ, ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಹಳೆಯ ಕ್ಯಾನ್ಸರ್ ಔಷಧಿಯ ನ್ಯಾನೋ ರೂಪವನ್ನು ಅಭಿವೃದ್ಧಿಪಡಿಸಿತು. ಮನುಷ್ಯರ ಮೇಲಿನ ಪ್ರಯೋಗದ ಬಳಿಕ ಅದಕ್ಕೆ ಭಾರತದಲ್ಲಿ ಸ್ತನ ಕ್ಯಾನ್ಸರ್‌ಗೆ ಅನುಮತಿ ದೊರೆಯಿತು.

ಗಮನಿಸಬೇಕಾದ ಸಂಗತಿಯೆಂದರೆ, ಮೊದಲೆರಡರ ಲೋಹ ಕಣಗಳು ರಾಸಾಯನಿಕ ವಿಧಾನದಲ್ಲಿ ತಯಾರಾದವು. ಮೂರನೆಯದರಲ್ಲಿ ಲೋಹವೇ ಇಲ್ಲ. ಬ್ಯಾಕ್ಟೀರಿಯಾದ ಕಣಗಳೂ ಇದೇ ದಾರಿಯಲ್ಲಿ ಸಾಗಬೇಕು: ಪ್ರಾಣಿಗಳ ಮೇಲೆ ಸುರಕ್ಷತೆಯ ಪರೀಕ್ಷೆ, ನಂತರ ಮನುಷ್ಯರ ಮೇಲೆ ಹಂತ ಹಂತದ ಪ್ರಯೋಗ, ಕೊನೆಗೆ ಔಷಧ ನಿಯಂತ್ರಕರ ಅನುಮತಿ. ನ್ಯಾನೋ ಔಷಧಿಗಳ ಮೌಲ್ಯಮಾಪನಕ್ಕೆಂದೇ ಭಾರತ 2019ರಲ್ಲಿ ಮಾರ್ಗಸೂಚಿ ಪ್ರಕಟಿಸಿದೆ.

ರೋಗಿಗಳ ಮನೆಯವರು ತಿಳಿದಿರಬೇಕಾದ್ದು

'ಕ್ಯಾನ್ಸರ್ ಕೋಶ ನಾಶ' ಎಂಬ ಸುದ್ದಿ ಓದಿದಾಗ ಮೊದಲು ನೋಡಬೇಕಾದ್ದು, ಪ್ರಯೋಗ ನಡೆದದ್ದು ಗಾಜಿನ ತಟ್ಟೆಯಲ್ಲೋ, ಇಲಿಯ ಮೇಲೋ, ಮನುಷ್ಯರ ಮೇಲೋ ಎಂಬುದನ್ನು. ತಟ್ಟೆಯಲ್ಲಿ ಗೆದ್ದ ಎಷ್ಟೋ ವಸ್ತುಗಳು ದೇಹದಲ್ಲಿ ಸೋತಿವೆ.

ಇನ್ನೊಂದು ಎಚ್ಚರಿಕೆ: ಬೆಳ್ಳಿ ಕಣಗಳ ನೀರನ್ನು 'ಕೊಲಾಯ್ಡಲ್ ಸಿಲ್ವರ್' ಹೆಸರಲ್ಲಿ ಸರ್ವರೋಗಕ್ಕೂ ಮದ್ದೆಂದು ಮಾರುವವರಿದ್ದಾರೆ. ವೈದ್ಯರ ಚೀಟಿಯಿಲ್ಲದೆ ಮಾರುವ ಇಂಥ ಔಷಧಿಗಳು ಸುರಕ್ಷಿತವೆಂದಾಗಲಿ, ಪರಿಣಾಮಕಾರಿ ಎಂದಾಗಲಿ ಒಪ್ಪಲಾಗದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ಹೇಳಿದೆ. ದೀರ್ಘಕಾಲ ಕುಡಿದವರ ಚರ್ಮ ಶಾಶ್ವತವಾಗಿ ನೀಲಿ-ಬೂದು ಬಣ್ಣಕ್ಕೆ ತಿರುಗಿದ ಉದಾಹರಣೆಗಳಿವೆ.

ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕಳೆದುಹೋದ ಸಮಯ ಮರಳಿ ಸಿಗುವುದಿಲ್ಲ. ಬೆಂಗಳೂರಿನ ಕಿದ್ವಾಯಿ ಇರಲಿ, ಅಹಮದಾಬಾದ್‌ನ ಗುಜರಾತ್ ಕ್ಯಾನ್ಸರ್ ಆ್ಯಂಡ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇರಲಿ, ಇಂಥ ಆಸ್ಪತ್ರೆಗಳಲ್ಲಿ ಸಿಗುವ ಶಸ್ತ್ರಚಿಕಿತ್ಸೆ, ರೇಡಿಯೇಷನ್, ಕೀಮೋಥೆರಪಿಗಳು ಮನುಷ್ಯರ ಮೇಲೆ ಪರೀಕ್ಷೆಗೊಳಗಾಗಿ ಬಂದವು. ಹೊಸ ಸಂಶೋಧನೆಯ ಸುದ್ದಿ ಕೇಳಿ ಅವನ್ನು ಮುಂದೂಡುವುದು ಬೇಡ. ಹೊಸ ಔಷಧಿಯ ಪ್ರಯೋಗ ಎಲ್ಲಾದರೂ ನಡೆಯುತ್ತಿದೆಯೇ, ಅದಕ್ಕೆ ಸೇರಬಹುದೇ ಎಂಬುದನ್ನು ಚಿಕಿತ್ಸೆ ಕೊಡುತ್ತಿರುವ ವೈದ್ಯರನ್ನೇ ಕೇಳಿ ತಿಳಿಯಿರಿ.