ಮಲೆನಾಡಿನ ಮನೆಗೆ ಸೌರ ವಿದ್ಯುತ್ತು: ಬ್ಯಾಟರಿಯ ಲೆಕ್ಕ ಮೊದಲು

ಮಲೆನಾಡಿನ ಒಂಟಿ ಮನೆಗಳಿಗೆ ವಿದ್ಯುತ್ ಸಂಪರ್ಕ ದೊರೆತು ಬಹಳ ವರ್ಷಗಳಾಗಿವೆ. ಆದರೆ ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ತಂತಿ ಹರಿದರೆ ತೋಟದಾಚೆಯ ಕೊನೆಯ ಮನೆಗೆ ಬೆಳಕು ಮರಳಲು ಎರಡು ಮೂರು ದಿನ ಹಿಡಿಯುವುದುಂಟು. ಇಂಥ ಮನೆಗಳವರು ಈಗ ಸೌರಫಲಕದ ಕಡೆಗೆ ನೋಡುತ್ತಿರುವುದು ಸಹಜವೇ ಆಗಿದೆ. ಫಲಕಗಳ ಬೆಲೆಯೂ ಹಿಂದಿಗಿಂತ ಇಳಿದಿದೆ. ಆದರೆ ಮಾಡಿನ ಮೇಲೆ ಫಲಕ ಕೂರಿಸಿದ ಮಾತ್ರಕ್ಕೆ ರಾತ್ರಿ ದೀಪ ಉರಿಯುವುದಿಲ್ಲವೆಂಬುದನ್ನು ರೈತ ಬಾಂಧವರು ಹಣ ಕೊಡುವ ಮೊದಲೇ ತಿಳಿದಿರಬೇಕು.

ಮನೆಗೆ ಸೌರ ವಿದ್ಯುತ್ ಅಳವಡಿಸುವ ಪದ್ಧತಿಗಳು ಮೂರು. ಮೊದಲನೆಯದರಲ್ಲಿ ಫಲಕವನ್ನು ನೇರವಾಗಿ ವಿದ್ಯುತ್ ಕಂಪನಿಯ ಲೈನಿಗೆ ಜೋಡಿಸುತ್ತಾರೆ, ಬ್ಯಾಟರಿ ಇರುವುದಿಲ್ಲ. ಲೈನಿನಲ್ಲಿ ಕರೆಂಟು ಹೋದೊಡನೆ ಇದರ ಇನ್ವರ್ಟರ್ ಕೂಡ ತಾನಾಗಿಯೇ ನಿಲ್ಲುತ್ತದೆ. ಮಟಮಟ ಮಧ್ಯಾಹ್ನದ ಬಿಸಿಲಿದ್ದರೂ ಮನೆಯಲ್ಲಿ ಫ್ಯಾನು ತಿರುಗದು. ಇದು ಯಂತ್ರದ ದೋಷವಲ್ಲ. ಕಂಬ ಹತ್ತಿ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ವಿದ್ಯುತ್ ಹರಿದು ಅಪಾಯವಾಗದಿರಲೆಂದು ಮಾಡಿದ ವ್ಯವಸ್ಥೆ. ಎರಡನೆಯದು ಲೈನಿನ ಸಂಬಂಧವೇ ಇಲ್ಲದೆ ಫಲಕ ಮತ್ತು ಬ್ಯಾಟರಿಯಿಂದಲೇ ನಡೆಯುವಂಥದು. 1995ರಲ್ಲಿ ಆರಂಭವಾದ ಸೆಲ್ಕೊ ಸಂಸ್ಥೆಯು ಬ್ಯಾಂಕ್ ಸಾಲದ ನೆರವಿನೊಂದಿಗೆ ನಮ್ಮ ಹಳ್ಳಿಗಳಲ್ಲಿ ಹರಡಿದ ಕೆಲವೇ ದೀಪಗಳ ಸಣ್ಣ ಘಟಕಗಳು ಈ ಜಾತಿಗೆ ಸೇರಿದವು. ಮೂರನೆಯದೇ ಹೈಬ್ರಿಡ್ ಪದ್ಧತಿ. ಫಲಕ, ಬ್ಯಾಟರಿ, ಲೈನು ಮೂರೂ ಒಂದೇ ಇನ್ವರ್ಟರಿಗೆ ಬಂದು ಸೇರುತ್ತವೆ. ಯಾವಾಗ ಯಾವುದರಿಂದ ವಿದ್ಯುತ್ ಪಡೆಯಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ಲೈನಿದ್ದೂ ನಂಬುವಂತಿಲ್ಲದ ಮನೆಗೆ ಇದೇ ತಕ್ಕದ್ದು.

2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000 ರೂಪಾಯಿ, 2 ಕಿಲೋವ್ಯಾಟ್‌ಗೆ 60,000 ರೂಪಾಯಿ, 3 ಕಿಲೋವ್ಯಾಟ್ ಮತ್ತು ಅದಕ್ಕೆ ಮೇಲ್ಪಟ್ಟು 78,000 ರೂಪಾಯಿ ಸಹಾಯಧನ ನಿಗದಿಯಾಯಿತು. ಇದು ಲೈನಿಗೆ ಜೋಡಿಸಿದ ಫಲಕಗಳಿಗೆ ಮಾತ್ರ. ಬ್ಯಾಟರಿಯ ಹಣ ಪೂರ್ತಿ ನಿಮ್ಮದೇ. ಆದ್ದರಿಂದ ಕೈಯಿಂದ ಹಾಕುವ ದುಡ್ಡು ಎಲ್ಲಿ ಹೋಗುತ್ತದೋ ಅಲ್ಲಿಂದಲೇ ಲೆಕ್ಕ ಆರಂಭಿಸುವುದು ಮೇಲು.

ರಾತ್ರಿಯ ಲೆಕ್ಕ

ಒಂದು ಕಾಗದದಲ್ಲಿ ಸಂಜೆಯಿಂದ ಬೆಳಗಿನವರೆಗೆ ನಡೆಯಲೇಬೇಕಾದ ಸಾಧನಗಳನ್ನು ಬರೆಯಿರಿ. 9 ವ್ಯಾಟಿನ ಆರು ಎಲ್‌ಇಡಿ ಬಲ್ಬು 5 ಗಂಟೆ ಉರಿದರೆ 270 ವ್ಯಾಟ್-ಗಂಟೆ. 30 ವ್ಯಾಟಿನ ಹೊಸ ಮಾದರಿಯ ಎರಡು ಫ್ಯಾನು 8 ಗಂಟೆಗೆ 480. ಟಿ.ವಿ. 3 ಗಂಟೆಗೆ 180. ಮೊಬೈಲು, ವೈಫೈ ಇತ್ಯಾದಿಗೆ 150 ಹಿಡಿಯೋಣ. ಒಟ್ಟು 1,080, ಅಂದರೆ ಸುಮಾರು 1.1 ಯೂನಿಟ್. ಇನ್ವರ್ಟರಿನಲ್ಲಿ ಆಗುವ ನಷ್ಟ ಸೇರಿಸಿದರೆ ಬ್ಯಾಟರಿಯಿಂದ 1.3 ಯೂನಿಟ್ ಬೇಕು.

ನೀರು ಹಾಕುವ ಸೀಸದ ಟ್ಯೂಬುಲರ್ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತಿದ್ದರೆ ಅದು ಬೇಗ ಕೆಡುತ್ತದೆ. 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಹೆಸರಿಗೆ 1.8 ಯೂನಿಟ್, ಬಳಸತಕ್ಕದ್ದು 0.9 ಮಾತ್ರ. ಮೇಲಿನ ಮನೆಗೆ ಇಂಥ ಎರಡು ಬೇಕು. ಅದೇ ಮನೆಯಲ್ಲಿ ಹಳೆಯ 75 ವ್ಯಾಟಿನ ಫ್ಯಾನುಗಳಿದ್ದರೆ ಅವೆರಡೇ 1,200 ವ್ಯಾಟ್-ಗಂಟೆ ತಿನ್ನುತ್ತವೆ, ಎರಡು ಬ್ಯಾಟರಿ ಸಾಲುವುದಿಲ್ಲ. ಬ್ಯಾಟರಿ ಹೆಚ್ಚಿಸುವ ಮೊದಲು ಫ್ಯಾನು ಬದಲಿಸುವುದು ಅಗ್ಗದ ದಾರಿ. ಗೀಸರು, ಇಸ್ತ್ರಿಪೆಟ್ಟಿಗೆ, ನೀರಿನ ಪಂಪು ಇವುಗಳ ವೈರಿಂಗನ್ನು ಬ್ಯಾಟರಿಯ ಕಡೆಗೆ ಎಂದಿಗೂ ಕೊಡಬಾರದು.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ. 80ರಿಂದ 90ರಷ್ಟನ್ನು ಬಳಸಬಹುದು. ನೀರು ಹಾಕುವ ಕೆಲಸವಿಲ್ಲ, ಬಾಳಿಕೆಯೂ ಹೆಚ್ಚು. ಬೆಲೆ ಮಾತ್ರ ಜಾಸ್ತಿ. ಇನ್ವರ್ಟರ್ ಈ ಜಾತಿಯ ಬ್ಯಾಟರಿಗೆ ಹೊಂದುವಂಥದೇ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಯಾವುದು ಮೊದಲು, ಯಾವುದು ಕೊನೆಗೆ

ಹೈಬ್ರಿಡ್ ಇನ್ವರ್ಟರಿನಲ್ಲಿ ಬಳಕೆಯ ಸರದಿಯನ್ನು ನಾವೇ ಗೊತ್ತುಮಾಡಬಹುದು. ಹಲವರು ಈ ಕಡೆ ಗಮನ ಕೊಡುವುದಿಲ್ಲ. ಅಳವಡಿಸಲು ಬಂದವರು ಇಟ್ಟುಹೋದ ಸರದಿಯೇ ವರ್ಷಗಟ್ಟಲೆ ನಡೆಯುತ್ತದೆ. ಸಾಮಾನ್ಯವಾಗಿ ಬಿಸಿಲು ಮೊದಲು, ಆಮೇಲೆ ಬ್ಯಾಟರಿ, ಕೊನೆಗೆ ಲೈನು ಎಂದಿರುತ್ತದೆ. ಬಿಲ್ಲು ಹೆಚ್ಚು ಬರುವ ಪಟ್ಟಣದ ಮನೆಗೆ ಇದು ಸರಿಯಿರಬಹುದು. ಆದರೆ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯ ಮಿತಿಯೊಳಗೆ ಶೂನ್ಯ ಬಿಲ್ಲು ಪಡೆಯುವ ಮನೆಗೆ ಹೀಗೆ ಮಾಡುವುದರಿಂದ ಉಳಿತಾಯ ಏನೂ ಇಲ್ಲ. ಲೈನು ಇರುವಾಗಲೂ ಪ್ರತಿ ರಾತ್ರಿ ಬ್ಯಾಟರಿ ಖಾಲಿಯಾಗಿ, ಹಗಲು ತುಂಬಿ ಸವೆಯುತ್ತದೆ. ಮೇಲಾಗಿ, ಖಾಲಿಯಾದ ಹೊತ್ತಿಗೇ ಗಾಳಿಮಳೆಗೆ ಲೈನು ಹೋದರೆ ಮನೆ ಕತ್ತಲು. ಇಂಥವರು ಬಿಸಿಲು, ಲೈನು, ಕೊನೆಗೆ ಬ್ಯಾಟರಿ ಎಂದು ಇರಿಸಿಕೊಳ್ಳಬೇಕು. ಆಗ ಬ್ಯಾಟರಿ ಕಣಜದ ಭತ್ತದಂತೆ ಆಪತ್ಕಾಲಕ್ಕೆ ಉಳಿದಿರುತ್ತದೆ.

ಮಳೆಗಾಲದ್ದು ಬೇರೆಯೇ ಮಾತು. ಒಳ್ಳೆಯ ಬಿಸಿಲಿನ ದಿನ 1 ಕಿಲೋವ್ಯಾಟ್ ಫಲಕ ಸುಮಾರು 4 ಯೂನಿಟ್ ಕೊಡುತ್ತದೆ. ಆಷಾಢದ ಕಪ್ಪು ಮೋಡದ ದಿನಗಳಲ್ಲಿ ಒಂದು ಯೂನಿಟ್ ಬರುವುದೂ ಕಷ್ಟ. ವಾರಗಟ್ಟಲೆ ಹೀಗಾದರೆ ಸೀಸದ ಬ್ಯಾಟರಿ ಪೂರ್ತಿ ತುಂಬದೆ ಅರೆಹೊಟ್ಟೆಯಲ್ಲಿಯೇ ಉಳಿಯುತ್ತದೆ. ಆಗ ಒಳಗಿನ ತಗಡುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಕರಗುವುದಿಲ್ಲ. ಕಂಪನಿಯ ಬ್ಯಾಟರಿ ಕಳಪೆಯೆಂದು ದೂರುವ ಎಷ್ಟೋ ಕಡೆ ನಿಜವಾದ ಕಾರಣ ಇದು. ಆದ್ದರಿಂದ ಮುಂಗಾರು ಹಿಡಿಯುವ ಮುನ್ನ, ಲೈನು ಬಂದಾಗಲೆಲ್ಲ ಅದರಿಂದಲೂ ಬ್ಯಾಟರಿ ತುಂಬುವಂತೆ ಇನ್ವರ್ಟರಿನ ಹೊಂದಾಣಿಕೆ ಬದಲಿಸಬೇಕು. ಮಳೆ ನಿಂತ ಮೇಲೆ ಮೊದಲಿನಂತೆ ಮಾಡಬಹುದು. ಲಿಥಿಯಂ ಬ್ಯಾಟರಿಗೆ ಅರೆಹೊಟ್ಟೆಯಿಂದ ಇಷ್ಟು ಹಾನಿಯಿಲ್ಲ. ಮಲೆನಾಡಿನಲ್ಲಿ ಅದಕ್ಕೆ ಹೆಚ್ಚು ಹಣ ಕೊಡಲು ನಮಗೆ ಕಾಣುವ ಬಲವಾದ ಕಾರಣ ಇದೇ.

ಫಲಕಗಳು ದಕ್ಷಿಣಕ್ಕೆ ಮುಖಮಾಡಿ ಸುಮಾರು 15 ಡಿಗ್ರಿ ಓರೆಯಾಗಿರಲಿ. ಅಡಿಕೆ, ತೆಂಗಿನ ಗರಿಯ ನೆರಳು ಒಂದೇ ಫಲಕದ ಮೇಲೆ ಬಿದ್ದರೂ ಜೊತೆಯ ಸಾಲಿನ ಉತ್ಪನ್ನ ತಗ್ಗುತ್ತದೆ. ಸಿಡಿಲು ಹೆಚ್ಚಿರುವ ಪ್ರದೇಶವಾದ್ದರಿಂದ ಫಲಕದ ಚೌಕಟ್ಟಿಗೂ ಇನ್ವರ್ಟರಿಗೂ ಸರಿಯಾದ ಅರ್ಥಿಂಗ್ ಹಾಗೂ ಸಿಡಿಲಿನ ಹೊಡೆತ ತಡೆಯುವ ಸಾಧನ ಇಲ್ಲದೆ ಕೆಲಸ ಮುಗಿಯಿತೆಂದು ಸಹಿ ಹಾಕಬಾರದು.

ಸೀಸದ ಬ್ಯಾಟರಿಯನ್ನು ಗಾಳಿಯಾಡುವ, ತಂಪಾದ ಜಾಗದಲ್ಲಿಡಬೇಕು. ಚಾರ್ಜ್ ಆಗುವಾಗ ಅದರಿಂದ ಹೊರಡುವ ಜಲಜನಕ ಅನಿಲ ಬೆಂಕಿ ಹತ್ತುವಂಥದು. ಒಲೆಯ ಬಳಿ, ದೇವರ ದೀಪದ ಗೂಡಿನ ಕೆಳಗೆ ಬೇಡ. ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು. ಬಾವಿಯ ನೀರು ಎಷ್ಟು ತಿಳಿಯಾಗಿದ್ದರೂ ಅದರಲ್ಲಿ ಲವಣಗಳಿರುತ್ತವೆ. ಅಳವಡಿಸಲು ಬಂದವರಿಂದ ಬೇಸಿಗೆಯ ಮತ್ತು ಮಳೆಗಾಲದ ಹೊಂದಾಣಿಕೆ ಎರಡನ್ನೂ ಒತ್ತಿ ತೋರಿಸಿಕೊಂಡು, ಯಾವ ಗುಂಡಿ ಎಷ್ಟು ಸಲ ಎಂಬುದನ್ನು ಕನ್ನಡದಲ್ಲಿ ಬರೆದು ಇನ್ವರ್ಟರಿನ ಪಕ್ಕದ ಗೋಡೆಗೆ ಅಂಟಿಸಿ.