ಕೋಶ ವಿಭಜನೆಯ ಪರಿಕಲ್ಪನಾ ಚಿತ್ರ

ಕೋಶ ವಿಭಜನೆಯ ಪರಿಕಲ್ಪನಾ ಚಿತ್ರ ಎಂದರೆ, ಒಂದು ಜೀವಕೋಶವು ಎರಡಾಗುವ ಕ್ರಿಯೆಯನ್ನು ತೋರಿಸುವ ಅನಿಮೇಷನ್‌ನ ತಯಾರಿಕೆಗೆ ಮೊದಲು, ಅದರ ಆಕಾರ, ಬಣ್ಣ, ಬೆಳಕು ಮತ್ತು ದೃಶ್ಯವಿನ್ಯಾಸಗಳನ್ನು ನಿರ್ಧರಿಸಲು ರಚಿಸುವ ಪೂರ್ವಭಾವಿ ಚಿತ್ರ. ಸೂಕ್ಷ್ಮದರ್ಶಕದಲ್ಲಿ ಕಂಡುದನ್ನು ಯಥಾವತ್ತಾಗಿ ನಕಲು ಮಾಡದೆ, ಸರಳಗೊಳಿಸಿ, ಒಂದು ನಿಶ್ಚಿತ ಶೈಲಿಗೆ ಒಗ್ಗಿಸಿ ಬರೆದಾಗ ಅದನ್ನು ಶೈಲೀಕೃತ ಚಿತ್ರವೆನ್ನುತ್ತಾರೆ. ಬಹುಪಾಲು ವಿದ್ಯಾರ್ಥಿಗಳು ಜೀವಂತ ಕೋಶವೊಂದು ವಿಭಜನೆಯಾಗುವುದನ್ನು ಸೂಕ್ಷ್ಮದರ್ಶಕದಲ್ಲಿ ಎಂದೂ ನೋಡುವುದಿಲ್ಲ. ಅವರ ಮನಸ್ಸಿನಲ್ಲಿ ಉಳಿಯುವುದು ಪಠ್ಯಪುಸ್ತಕದ ಚಿತ್ರ ಅಥವಾ ತೆರೆಯ ಮೇಲಿನ ಅನಿಮೇಷನ್. ಆದುದರಿಂದ ಈ ಚಿತ್ರಗಳಲ್ಲಿ ಯಾವುದನ್ನು ಬದಲಿಸಬಹುದು, ಯಾವುದನ್ನು ಬದಲಿಸಬಾರದು ಎಂಬ ವಿವೇಚನೆ ಕಲೆಯ ಪ್ರಶ್ನೆಯಾಗಿರುವಂತೆಯೇ ಶಿಕ್ಷಣದ ಪ್ರಶ್ನೆಯೂ ಆಗಿದೆ.

ಹಿನ್ನೆಲೆ

ಕೋಶ ವಿಭಜನೆಯ ಚಿತ್ರ ಪರಂಪರೆಯಲ್ಲಿ ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಅವರ ಕೃತಿಗೆ ಮುಖ್ಯ ಸ್ಥಾನವಿದೆ. ಸಾಲಮಾಂಡರ್ ಮರಿಗಳ ಕೋಶಗಳನ್ನು ಬಣ್ಣದಲ್ಲಿ ಅದ್ದಿ ಪರೀಕ್ಷಿಸಿದ ಅವರು, ದಾರದಂತಹ ರಚನೆಗಳು ಹಂತಹಂತವಾಗಿ ಚಲಿಸುವುದನ್ನು ಕಂಡು, 1882ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಚಿತ್ರಗಳ ಮೂಲಕ ನಿರೂಪಿಸಿದರು. 'ಮೈಟಾಸಿಸ್' ಎಂಬ ಹೆಸರು ಅವರದೇ. ಗ್ರೀಕ್ ಭಾಷೆಯಲ್ಲಿ 'ಮಿಟೋಸ್' ಎಂದರೆ ದಾರ. ಕೋಶಗಳ ಬಿಡಿ ನೋಟಗಳನ್ನು ಕಾಲಕ್ರಮಕ್ಕೆ ಹೊಂದಿಸಿದ ಅವರ ಚಿತ್ರಮಾಲೆಯನ್ನು ಇಂದಿನ ಸ್ಟೋರಿಬೋರ್ಡಿನ ಪೂರ್ವರೂಪವೆಂದು ಪರಿಗಣಿಸಬಹುದು.

1940ರ ದಶಕದ ಆರಂಭದಲ್ಲಿ ಜರ್ಮನಿಯ ಕುರ್ಟ್ ಮಿಷೆಲ್ ಅವರು ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕವನ್ನು ಬಳಸಿ, ಮಿಡತೆಯ ವೀರ್ಯೋತ್ಪಾದಕ ಕೋಶಗಳ ವಿಭಜನೆಯನ್ನು ಚಲನಚಿತ್ರವಾಗಿ ಸೆರೆಹಿಡಿದರು. ವರ್ಣತಂತುಗಳನ್ನು ಎಳೆಯುವ ಕದಿರಿನ ಎಳೆಗಳು ನಿಜವಾಗಿಯೂ ಇವೆಯೇ, ಅಥವಾ ಕೋಶವನ್ನು ರಾಸಾಯನಿಕಗಳಿಂದ ಸಂಸ್ಕರಿಸಿದಾಗ ಉಂಟಾಗುವ ಭ್ರಮೆಯೇ ಎಂಬ ಸಂಶಯ ವಿಜ್ಞಾನಿಗಳಲ್ಲಿ ಬಹುಕಾಲ ಇತ್ತು. 1950ರ ದಶಕದ ಆರಂಭದಲ್ಲಿ ಶಿನ್ಯಾ ಇನೊವೆ ಅವರು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದ ನೆರವಿನಿಂದ ಜೀವಂತ ಕೋಶದಲ್ಲಿಯೇ ಈ ಎಳೆಗಳನ್ನು ತೋರಿಸಿ ಸಂಶಯವನ್ನು ನಿವಾರಿಸಿದರು.

ಕಂಪ್ಯೂಟರ್ ಯುಗದಲ್ಲಿ ಆಸ್ಟ್ರೇಲಿಯಾದ ಡ್ರೂ ಬೆರ್ರಿ ಅವರ ಅನಿಮೇಷನ್‌ಗಳು ಹೆಸರುವಾಸಿಯಾಗಿವೆ. ವಿಭಜನೆಯ ವೇಳೆ ವರ್ಣತಂತುವಿನ ಮೇಲೆ ಎಳೆಗಳು ಬಂದು ಹಿಡಿಯುವ ತಾಣವಾದ ಕೈನೆಟೊಕೋರ್‌ನ ಚಟುವಟಿಕೆಯನ್ನು ಅವರು ಅಣುಗಳ ಮಟ್ಟದಲ್ಲಿ ಚಿತ್ರಿಸಿದ್ದಾರೆ. 2010ರಲ್ಲಿ ಅವರಿಗೆ ಅಮೆರಿಕದ ಮ್ಯಾಕ್‌ಆರ್ಥರ್ ಫೆಲೋಶಿಪ್ ದೊರೆಯಿತು.

ಚಿತ್ರಿಸಬೇಕಾದ ಕ್ರಿಯೆ

ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಕೋಶವೊಂದರ ಜೀವನಚಕ್ರ ಸಾಮಾನ್ಯವಾಗಿ ಸುಮಾರು 24 ಗಂಟೆಗಳದು; ಅದರಲ್ಲಿ ಮೈಟಾಸಿಸ್‌ಗೆ ತಗಲುವುದು ಸುಮಾರು ಒಂದು ಗಂಟೆ. ಉಳಿದ ಅವಧಿಯಾದ ಅಂತರಾವಸ್ಥೆಯಲ್ಲಿ ಕೋಶ ಬೆಳೆದು ತನ್ನ ಡಿಎನ್‌ಎಯ ಪ್ರತಿಯನ್ನು ತಯಾರಿಸಿಕೊಳ್ಳುತ್ತದೆ. ಆ ಬಳಿಕ ಪ್ರೊಫೇಸ್‌ನಲ್ಲಿ ವರ್ಣತಂತುಗಳು ಸುರುಳಿಗೊಂಡು ದಪ್ಪವಾಗುತ್ತವೆ. ಪ್ರಾಣಿಕೋಶಗಳಲ್ಲಿ ಕೋಶಕೇಂದ್ರದ ಪೊರೆ ಕಳಚುತ್ತದೆ. ಮೆಟಾಫೇಸ್‌ನಲ್ಲಿ ವರ್ಣತಂತುಗಳು ನಡುಗೆರೆಯಲ್ಲಿ ಸಾಲುಗೂಡುತ್ತವೆ. ಅನಾಫೇಸ್‌ನಲ್ಲಿ ಜೋಡಿ ಎಳೆಗಳು ಬೇರ್ಪಟ್ಟು ಎದುರುಬದುರಾದ ಧ್ರುವಗಳತ್ತ ಸಾಗುತ್ತವೆ. ಟೀಲೋಫೇಸ್‌ನಲ್ಲಿ ಎರಡು ಹೊಸ ಕೋಶಕೇಂದ್ರಗಳು ರೂಪುಗೊಳ್ಳುತ್ತವೆ. ಕೊನೆಗೆ ಕೋಶದ್ರವ್ಯ ಇಬ್ಭಾಗವಾಗುತ್ತದೆ.

ಬದಲಿಸಬಾರದ ಅಂಶಗಳು

ಶೈಲಿ ಯಾವುದೇ ಆಗಿರಲಿ, ಕೆಳಗಿನ ಅಂಶಗಳು ತಪ್ಪಿದರೆ ಚಿತ್ರವು ಬೇರೆಯೇ ಕ್ರಿಯೆಯನ್ನು ಹೇಳುತ್ತದೆ.

ಸಂಖ್ಯೆ: ಮಾನವನ 46 ವರ್ಣತಂತುಗಳನ್ನು ಬರೆದರೆ ದೃಶ್ಯ ಗೋಜಲಾಗುತ್ತದೆ. ಆದ್ದರಿಂದ ನಾಲ್ಕನ್ನು ಮಾತ್ರ ತೋರಿಸುವುದು ವಾಡಿಕೆ. ಆಗ ಮರಿಕೋಶಗಳಲ್ಲಿಯೂ ತಲಾ ನಾಲ್ಕೇ ಇರಬೇಕು. ಎರಡೆರಡು ತೋರಿಸಿದರೆ ಅದು ಸಂತಾನೋತ್ಪತ್ತಿ ಕೋಶಗಳಲ್ಲಿ ನಡೆಯುವ ಮಿಯಾಸಿಸ್‌ನ ಚಿತ್ರವಾದೀತು. ಪ್ರಕೃತಿಯಲ್ಲಿಯೂ ಕಡಿಮೆ ಸಂಖ್ಯೆಯ ಉದಾಹರಣೆಗಳಿವೆ: ಭಾರತೀಯ ಕಾಡುಕುರಿಯ ಹೆಣ್ಣಿನಲ್ಲಿ 6, ಗಂಡಿನಲ್ಲಿ 7 ವರ್ಣತಂತುಗಳಿರುವುದರಿಂದ ಅದರ ಕೋಶಗಳು ವಿಭಜನೆಯ ಅಧ್ಯಯನಕ್ಕೆ ಅನುಕೂಲಕರವಾಗಿವೆ.

ಆಕಾರ: ಪರಿಚಿತವಾದ ಗುಣಾಕಾರ ಚಿಹ್ನೆಯಂತಹ ರೂಪವು ವರ್ಣತಂತು ಇಮ್ಮಡಿಯಾಗಿ ದಪ್ಪಗೊಂಡ ನಂತರವೇ ಕಾಣುವಂಥದು. ಅಂತರಾವಸ್ಥೆಯಲ್ಲಿ ಅದು ಸಡಿಲವಾಗಿ ಹರಡಿಕೊಂಡಿರುತ್ತದೆ. ಬೇರ್ಪಟ್ಟು ಧ್ರುವದತ್ತ ಸಾಗುವಾಗ ಎಳೆಯು ಹಿಡಿದಿರುವ ಸೆಂಟ್ರೊಮಿಯರ್ ಭಾಗ ಮುಂದಿರುತ್ತದೆ, ತೋಳುಗಳು ಹಿಂದೆ ಜೋತಾಡುತ್ತವೆ. ತೋಳುಗಳೇ ಮುಂದಾಗಿ ಸಾಗುವಂತೆ ಬರೆಯುವುದು ಆಗಾಗ ಕಾಣುವ ತಪ್ಪು.

ಎಳೆತದ ರೀತಿ: ಕದಿರಿನ ಎಳೆಗಳು ರಬ್ಬರಿನಂತೆ ಸಂಕುಚಿಸುವುದಿಲ್ಲ. ಅವುಗಳನ್ನು ರಚಿಸಿರುವ ಪ್ರೋಟೀನ್ ಘಟಕಗಳು ತುದಿಯಿಂದ ಕಳಚುತ್ತ ಹೋಗುವುದರಿಂದ ಉದ್ದ ಕಡಿಮೆಯಾಗುತ್ತದೆ. ಹೀಗಾಗಿ ಗಿಡ್ಡವಾಗುವ ಎಳೆಯನ್ನು ದಪ್ಪವಾಗಿಸದೆ, ಒಂದೇ ಗಾತ್ರದಲ್ಲಿ ಉಳಿಸಿಕೊಳ್ಳಬೇಕು.

ಕೋಶದ ಜಾತಿ: ಪ್ರಾಣಿಕೋಶ ನಡುವಿನಲ್ಲಿ ಸೊಂಟ ಬಿಗಿದಂತೆ ಒಳಗೆ ಕುಗ್ಗಿ ಎರಡಾಗುತ್ತದೆ. ಸಸ್ಯಕೋಶದಲ್ಲಿ ಗಟ್ಟಿಯಾದ ಕೋಶಭಿತ್ತಿ ಇರುವುದರಿಂದ, ಮಧ್ಯದಲ್ಲಿ ಹೊಸ ಫಲಕವೊಂದು ಮೂಡಿ ಅಂಚಿನವರೆಗೆ ಬೆಳೆಯುತ್ತದೆ. ಶಾಲಾಕಾಲೇಜುಗಳ ಪ್ರಯೋಗಾಲಯಗಳಲ್ಲಿ ಪರೀಕ್ಷಿಸುವ ಈರುಳ್ಳಿ ಬೇರಿನ ತುದಿಯ ಕೋಶಗಳು ಆಯತಾಕಾರದವು, ಅವುಗಳಲ್ಲಿ ಸೆಂಟ್ರಿಯೋಲ್‌ಗಳಿಲ್ಲ. ಈರುಳ್ಳಿಯ ಕೋಶದಲ್ಲಿ ಸೆಂಟ್ರಿಯೋಲ್ ಬರೆದ ಚಿತ್ರ ಎಷ್ಟು ಸುಂದರವಾಗಿದ್ದರೂ ತಪ್ಪೇ ಆಗುತ್ತದೆ.

ಶೈಲೀಕರಣಕ್ಕೆ ಅವಕಾಶವಿರುವ ಅಂಶಗಳು

ಬಣ್ಣ

ಬಣ್ಣದಲ್ಲಿ ಕಲಾವಿದರಿಗೆ ಅತಿ ಹೆಚ್ಚಿನ ಸ್ವಾತಂತ್ರ್ಯವಿದೆ. 'ವರ್ಣತಂತು' ಎಂಬ ಕನ್ನಡ ಪದದಿಂದ ಅವು ಸಹಜವಾಗಿ ಬಣ್ಣವುಳ್ಳವು ಎಂದು ವಿದ್ಯಾರ್ಥಿಗಳು ಭಾವಿಸುವುದುಂಟು. ಮೂಲವಾದ 'ಕ್ರೋಮೋಸೋಮ್' ಎಂಬ ಹೆಸರನ್ನು 1888ರಲ್ಲಿ ವಾಲ್ಡೆಯರ್ ಸೂಚಿಸಿದರು. ಗ್ರೀಕ್‌ನಲ್ಲಿ ಅದರ ಅರ್ಥ 'ಬಣ್ಣದ ಕಾಯ'. ಪ್ರಯೋಗಾಲಯದ ಬಣ್ಣವನ್ನು ಅವು ಚೆನ್ನಾಗಿ ಹೀರುತ್ತವೆ ಎಂಬುದೇ ಆ ಹೆಸರಿಗೆ ಕಾರಣ. ಸಹಜ ಸ್ಥಿತಿಯಲ್ಲಿ ಅವು ಬಣ್ಣರಹಿತವಾಗಿರುತ್ತವೆ. ಇಂದಿನ ಪ್ರತಿದೀಪ್ತ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಡಿಎನ್‌ಎ ನೀಲಿ, ಕದಿರಿನ ಎಳೆಗಳು ಹಸಿರು, ಕೈನೆಟೊಕೋರ್ ಕೆಂಪಾಗಿ ತೋರುವುದು ರೂಢಿ. ಅವೂ ಹಚ್ಚಿದ ಬಣ್ಣಗಳೇ.

ಆದರೆ ಬಣ್ಣಕ್ಕೆ ಒಮ್ಮೆ ಅರ್ಥ ಕೊಟ್ಟರೆ ಅದನ್ನು ಕೊನೆಯವರೆಗೆ ಪಾಲಿಸಬೇಕು. ತಾಯಿಯಿಂದ ಬಂದ ವರ್ಣತಂತುವಿಗೆ ಒಂದು ಬಣ್ಣ, ತಂದೆಯಿಂದ ಬಂದುದಕ್ಕೆ ಇನ್ನೊಂದು ಬಣ್ಣ ಕೊಟ್ಟರೆ, ಅಂಟಿಕೊಂಡಿರುವ ಎರಡು ಸೋದರಿ ಎಳೆಗಳು ಒಂದೇ ಬಣ್ಣದವಾಗಿರಬೇಕು, ಏಕೆಂದರೆ ಒಂದು ಇನ್ನೊಂದರ ಪ್ರತಿ. ಪ್ರತಿ ಮರಿಕೋಶದಲ್ಲಿಯೂ ಎರಡೂ ಬಣ್ಣಗಳು ಕಾಣಬೇಕು. ಕೆಂಪು ಹಾಗೂ ಹಸಿರಿನ ವ್ಯತ್ಯಾಸ ತಿಳಿಯದ ಬಣ್ಣಗುರುಡು ಇರುವ ನೋಡುಗರಿಗಾಗಿ ಹಸಿರಿನೊಡನೆ ಕೆಂಪಿನ ಬದಲು ಮಜೆಂಟಾ ಬಳಸುವುದು ಒಳ್ಳೆಯ ಅಭ್ಯಾಸ.

ಅಳತೆ ಮತ್ತು ದಟ್ಟಣೆ

ಸುಮಾರು 20 ಮೈಕ್ರೋಮೀಟರ್ ವ್ಯಾಸದ ಕೋಶವನ್ನು ತೆರೆಯ ಮೇಲೆ ಒಂದು ಮೀಟರಿಗೆ ಹಿಗ್ಗಿಸಿದರೆ, 25 ನ್ಯಾನೋಮೀಟರ್ ದಪ್ಪದ ಕದಿರಿನ ಎಳೆ ಒಂದೂಕಾಲು ಮಿಲಿಮೀಟರ್ ಮಾತ್ರ ಆಗುತ್ತದೆ. ಅಷ್ಟು ತೆಳುವಾದುದು ದೂರದಿಂದ ಕಾಣದು. ಆದ್ದರಿಂದ ಎಳೆಗಳನ್ನು ದಪ್ಪವಾಗಿಸಿ, ಸಂಖ್ಯೆಯನ್ನು ಇಳಿಸಿ ಬರೆಯುವುದು ಅನಿವಾರ್ಯ. ಕದಿರು ಎಂಬ ಹೆಸರು ನೂಲುವ ಕದಿರಿನಂತೆ ನಡು ಉಬ್ಬಿ ತುದಿ ಚೂಪಾಗಿರುವ ಆಕಾರದಿಂದ ಬಂದಿದೆ. ಎಳೆಗಳು ಕಡಿಮೆಯಾದರೂ ಈ ಆಕಾರ ಉಳಿದರೆ ನೋಡುಗರು ಗುರುತಿಸಬಲ್ಲರು.

ಕೋಶದ ಒಳಭಾಗ ಅಣುಗಳಿಂದ ಕಿಕ್ಕಿರಿದಿದೆ. ಅಮೆರಿಕದ ಡೇವಿಡ್ ಗುಡ್‌ಸೆಲ್ ಅವರ ಜಲವರ್ಣ ಚಿತ್ರಗಳು ಈ ದಟ್ಟಣೆಯನ್ನೇ ವಿಷಯವಾಗಿಸಿಕೊಂಡಿವೆ. ಚಪ್ಪಟೆ ಬಣ್ಣ ಹಾಗೂ ಸ್ಪಷ್ಟ ಅಂಚುಗೆರೆಗಳ ಅವರ ಶೈಲಿ, ಸರಳತೆ ಮತ್ತು ನಿಖರತೆ ಜೊತೆಯಾಗಿ ಇರಬಲ್ಲವೆಂಬುದಕ್ಕೆ ಉತ್ತಮ ನಿದರ್ಶನ.

ಕಾಲ

ಒಂದು ಗಂಟೆಯ ಮೈಟಾಸಿಸ್‌ಅನ್ನು ಒಂದು ನಿಮಿಷಕ್ಕೆ ಇಳಿಸಿದರೆ ವೇಗ 60 ಪಟ್ಟು ಹೆಚ್ಚುತ್ತದೆ. ಅನಾಫೇಸ್‌ನಲ್ಲಿ ವರ್ಣತಂತುಗಳ ನಿಜವಾದ ವೇಗ ನಿಮಿಷಕ್ಕೆ ಸುಮಾರು 1 ಮೈಕ್ರೋಮೀಟರ್. ಕಾಲವನ್ನು ಕುಗ್ಗಿಸಿರುವುದನ್ನು ಪರದೆಯ ಮೂಲೆಯಲ್ಲಿ ಒಂದು ಗಡಿಯಾರದ ಮೂಲಕ ಸೂಚಿಸಬಹುದು.

ಮಾನವೀಕರಣ

ಫ್ರಾನ್ಸ್‌ನ ಆಲ್ಬರ್ಟ್ ಬರಿಯೆ ಅವರು 1980ರ ದಶಕದಲ್ಲಿ ನಿರ್ಮಿಸಿದ, ಮಾನವ ದೇಹವನ್ನು ಕುರಿತ ಮಕ್ಕಳ ಸರಣಿಯಲ್ಲಿ ಮತ್ತು 2018ರ ಜಪಾನೀ ಸರಣಿ 'ಸೆಲ್ಸ್ ಅಟ್ ವರ್ಕ್'ನಲ್ಲಿ ಕೋಶಗಳು ಮನುಷ್ಯಪಾತ್ರಗಳಾಗಿವೆ. ಕೆಲಸದ ಹಂಚಿಕೆಯನ್ನು ವಿವರಿಸಲು ಈ ವಿಧಾನ ಬಹಳ ಉಪಯುಕ್ತ. ಆದರೆ ವಿಭಜನೆಯನ್ನು ತೋರಿಸುವಲ್ಲಿ ತೊಡಕು ಎದುರಾಗುತ್ತದೆ. 'ತಾಯಿಕೋಶ', 'ಮರಿಕೋಶ' ಎಂಬ ಪದಗಳನ್ನು ಅಕ್ಷರಶಃ ತೆಗೆದುಕೊಂಡು, ದೊಡ್ಡ ತಾಯಿಯೊಬ್ಬಳು ಪುಟ್ಟ ಮಗುವನ್ನು ಹೆರುವಂತೆ ಚಿತ್ರಿಸಿದರೆ, ಅದು ಯೀಸ್ಟ್‌ನಲ್ಲಿ ಕಾಣುವ ಮೊಗ್ಗೊಡೆಯುವಿಕೆಗೆ ಹೆಚ್ಚು ಹತ್ತಿರವಾಗುತ್ತದೆ. ಸಾಮಾನ್ಯ ದೇಹಕೋಶದ ವಿಭಜನೆಯ ನಂತರ ತಾಯಿಯೆಂದು ಬೇರೆ ಯಾರೂ ಉಳಿಯುವುದಿಲ್ಲ; ಬಹುಮಟ್ಟಿಗೆ ಸಮಾನವಾದ ಎರಡು ಮರಿಕೋಶಗಳಷ್ಟೇ ಇರುತ್ತವೆ. ಮುಖ, ಕೈಕಾಲುಗಳನ್ನು ಬಿಟ್ಟು, ಆಕಾರದ ಮೃದುತ್ವ ಹಾಗೂ ಚಲನೆಯ ಲಯದಿಂದಲೇ ಜೀವಂತಿಕೆ ತರುವುದು ಇದಕ್ಕೆ ಒಂದು ಪರಿಹಾರ.

ರಚನೆಯ ಹಂತಗಳು

ಮೊದಲು ಸೂಕ್ಷ್ಮದರ್ಶಕದ ಛಾಯಾಚಿತ್ರ ಮತ್ತು ಚಲನಚಿತ್ರಗಳನ್ನು ಸಂಗ್ರಹಿಸಲಾಗುತ್ತದೆ. ಆ ಬಳಿಕ ಕಪ್ಪುಬಿಳುಪಿನಲ್ಲಿ ಹಲವಾರು ಪುಟ್ಟ ಕರಡುಗಳನ್ನು ಬರೆದು, ಬಣ್ಣವಿಲ್ಲದೆಯೂ ಪ್ರತಿ ಹಂತ ಹೊರರೇಖೆಯಿಂದಲೇ ತಿಳಿಯುತ್ತದೆಯೇ ಎಂದು ಪರೀಕ್ಷಿಸಲಾಗುತ್ತದೆ. ವರ್ಣತಂತು, ಕದಿರು, ಪೊರೆ ಮುಂತಾದವುಗಳ ರೂಪವನ್ನು ಬೇರೆಬೇರೆ ಕೋನಗಳಿಂದ ತೋರಿಸುವ ಮಾದರಿ ಹಾಳೆಗಳು ಅನಂತರ ಸಿದ್ಧವಾಗುತ್ತವೆ. ಇಡೀ ಚಿತ್ರದಲ್ಲಿ ಬಣ್ಣ ಮತ್ತು ಬೆಳಕು ಹೇಗೆ ಬದಲಾಗಬೇಕೆಂಬುದನ್ನು ಪ್ರತ್ಯೇಕ ಪಟ್ಟಿಯಲ್ಲಿ ಗುರುತಿಸಲಾಗುತ್ತದೆ. ಜೀವಶಾಸ್ತ್ರಜ್ಞರ ಪರಿಶೀಲನೆ ಕರಡಿನ ಹಂತದಲ್ಲಿಯೇ ನಡೆಯುವುದು ಲೇಸು. ಅನಿಮೇಷನ್ ಮುಗಿದ ಮೇಲೆ ತಿದ್ದುವುದು ಕಷ್ಟ ಹಾಗೂ ದುಬಾರಿ.

ಟೀಕೆ ಮತ್ತು ಮಿತಿಗಳು

ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ 2006ರಲ್ಲಿ ಎಕ್ಸ್‌ವಿವೋ ಸಂಸ್ಥೆ ತಯಾರಿಸಿದ 'ದಿ ಇನ್ನರ್ ಲೈಫ್ ಆಫ್ ದ ಸೆಲ್' ಬಿಳಿರಕ್ತಕಣವನ್ನು ಕುರಿತದ್ದು. ಅದರ ಸೌಂದರ್ಯ ವ್ಯಾಪಕ ಮೆಚ್ಚುಗೆ ಗಳಿಸಿತು. ಅದರೊಂದಿಗೆ, ಕೋಶವನ್ನು ಖಾಲಿ ಬಯಲಿನಂತೆ, ಅಣುಗಳನ್ನು ಗುರಿಯರಿತು ನಡೆಯುವ ಯಂತ್ರಗಳಂತೆ ತೋರಿಸಲಾಗಿದೆ ಎಂಬ ಟೀಕೆಯೂ ಬಂದಿತು. ಅದೇ ತಂಡ ನಂತರ ಅಣುಗಳ ದಟ್ಟಣೆ ಮತ್ತು ಅಡ್ಡಾದಿಡ್ಡಿ ತೊನೆದಾಟವನ್ನು ತೋರಿಸುವ ಇನ್ನೊಂದು ಅನಿಮೇಷನ್ ಹೊರತಂದಿತು.

ಕೋಶ ವಿಭಜನೆಯ ಚಿತ್ರಗಳಿಗೂ ಈ ಟೀಕೆ ಅನ್ವಯಿಸುತ್ತದೆ. ಕದಿರಿನ ಎಳೆಗಳು ವರ್ಣತಂತುವನ್ನು ನೇರವಾಗಿ ಹೋಗಿ ಹಿಡಿಯುವುದಿಲ್ಲ. ಅವು ಬೆಳೆಯುತ್ತ, ಕುಗ್ಗುತ್ತ, ಹಲವು ಬಾರಿ ತಪ್ಪುತ್ತ ಕೊನೆಗೆ ಸರಿಯಾದ ತಾಣವನ್ನು ಸೇರುತ್ತವೆ. ತಪ್ಪು ಜೋಡಣೆಗಳು ಬಿಡಿಸಿಕೊಂಡು ಮತ್ತೆ ಜೋಡಣೆಯಾಗುವವರೆಗೆ ಕೋಶವು ಅನಾಫೇಸ್‌ಅನ್ನು ತಡೆಹಿಡಿದಿರುತ್ತದೆ. ಈ ತಡೆ ವಿಫಲವಾದಾಗ ಮರಿಕೋಶಗಳಲ್ಲಿ ವರ್ಣತಂತುಗಳ ಸಂಖ್ಯೆ ಏರುಪೇರಾಗುತ್ತದೆ; ಇಂತಹ ಏರುಪೇರು ಅನೇಕ ಕ್ಯಾನ್ಸರ್ ಕೋಶಗಳಲ್ಲಿ ಕಂಡುಬರುತ್ತದೆ. ಎಲ್ಲವೂ ಮೊದಲ ಯತ್ನದಲ್ಲಿಯೇ ಸರಿಹೋಗುವಂತೆ ಚಿತ್ರಿಸಿದರೆ ತಡೆಯ ಅಗತ್ಯವೇ ನೋಡುಗರಿಗೆ ಅರ್ಥವಾಗುವುದಿಲ್ಲ. ಒಂದೆರಡು ಎಳೆಗಳು ಗುರಿ ತಪ್ಪಿ ಹಿಂದೆ ಸರಿಯುವ ದೃಶ್ಯವನ್ನು ಸೇರಿಸಿದರೂ ಈ ಕೊರತೆ ಬಹುಮಟ್ಟಿಗೆ ನೀಗುತ್ತದೆ.